ಪುಟ್ಟತಾಯಮ್ಮನ ಎಡಗಾಲು

ಒದೆಸಿಕೊಂಡು ಬನ್ನಿ ಎಂದು ನನಗೆ ಹೇಳಿದವರು ನಮ್ಮ ಶಾಲೆಯ ಹೆಡ್ಮಾಸ್ತರು. ಬೈದದ್ದಲ್ಲ, ಕಾಳಜಿಯಿಂದಲೇ ಹೇಳಿದ್ದು. ಆಗ ನನ್ನ ಸೊಂಟ ಹಿಡಿದುಕೊಂಡು ಒಂದು ವಾರವಾಗಿತ್ತು. ಕೈಜಾರಿ ಬಿದ್ದ ಸೀಮೆಸುಣ್ಣ ಎತ್ತಿಕೊಳ್ಳಲು ಬಗ್ಗಿದವನು ಬಗ್ಗಿದಂತೆಯೇ ನಿಂತುಬಿಟ್ಟಿದ್ದೆ. ಮೇಷ್ಟ್ರು ಏನೋ ಹುಡುಕುತ್ತಿದ್ದಾರೆ ಎಂದುಕೊಂಡು ಒಂಬತ್ತನೇ ತರಗತಿಯ ಅರ್ಧ ಮಕ್ಕಳು ತಾವೂ ಬೆಂಚಿನ ಕೆಳಗೆ ತಲೆ ಹಾಕಿ ಹುಡುಕಲು ಶುರುಮಾಡಿದ್ದರು. ಮಾತ್ರೆ ನುಂಗಿದೆ, ಮುಲಾಮು ಹಚ್ಚಿದೆ. ಶ್ರೀರಂಗಪಟ್ಟಣದ ಮನೆಯಲ್ಲಿ ನಮ್ಮಮ್ಮ ಭಾಗೀರಥಮ್ಮ ಉಪ್ಪಿನ ಗಂಟು ಕಾಯಿಸಿ ಕಾಯಿಸಿ ಶಾಖ ಕೊಟ್ಟರು. ಬೆನ್ನು ಮಾತ್ರ ನನ್ನ ಮಾತು ಕೇಳಲಿಲ್ಲ.

ಚಿನಕುರಳಿಯಲ್ಲಿ ಪುಟ್ಟತಾಯಮ್ಮ ಎಂಬುವರಿದ್ದಾರೆ, ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವರು, ಭಾನುವಾರ ಬೆಳಿಗ್ಗೆ ಅವರ ಎಡಗಾಲನ್ನು ಮೂರು ಸಲ ಬೆನ್ನಿಗೆ ತಾಕಿಸಿಕೊಂಡರೆ ಎಂಥ ಉಳುಕಾದರೂ ಬಿಡುತ್ತದೆ ಎಂಬುದು ಹೆಡ್ಮಾಸ್ತರ ಸಲಹೆ. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ವಿಜ್ಞಾನದ ಮೇಷ್ಟ್ರು. ಸನ್ನೆಗೋಲಿನ ಪಾಠವನ್ನು ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದೇನೆ. ಮೂಢನಂಬಿಕೆ ಎಂದರೇನು ಎಂದು ಮಕ್ಕಳಿಗೆ ಹೇಳುವಾಗ ಇದೇ ಕಾಲಿನ ಕತೆಯನ್ನು ಉದಾಹರಣೆಯಾಗಿ ಕೊಡುತ್ತಿದ್ದವನು. ಆದರೆ ಬಚ್ಚಲಿನಲ್ಲಿ ಚೆಂಬು ಎತ್ತಿಕೊಳ್ಳಲಾಗದ ಮನುಷ್ಯ ಎಷ್ಟು ದಿನ ವಿಜ್ಞಾನದ ಮೇಷ್ಟ್ರಾಗಿ ಉಳಿದಾನು? ಭಾನುವಾರ ಬೆಳಿಗ್ಗೆ, ಯಾರಿಗೂ ಹೇಳದೆ, ಸ್ಕೂಟರಿನ ಮೇಲೆ ಓರೆಯಾಗಿ ಕುಳಿತುಕೊಂಡು ಹೊರಟೆ.

ಅವರ ಮನೆಯ ಜಗಲಿಯ ಮೇಲೆ ಹನ್ನೊಂದು ಜನ ಕೂತಿದ್ದರು. ಡೇರಿಗೆ ಹಾಲಿನ ಕ್ಯಾನು ಹೊತ್ತು ಸೊಂಟ ಕಳೆದುಕೊಂಡ ಹೆಂಗಸರು, ಕಲ್ಲು ಕೋರೆಯಲ್ಲಿ ಕೆಲಸ ಮಾಡುವ ಗಂಡಸರು, ಬೈಕಿನಲ್ಲಿ ಹಂಪು ಹಾರಿಸಿ ಕತ್ತು ತಿರುಚಿಕೊಂಡ ಒಬ್ಬ ಪಡ್ಡೆ ಹುಡುಗ. ಪುಟ್ಟತಾಯಮ್ಮನಿಗೆ ಆಗ ಅರವತ್ತರ ಹತ್ತಿರ ವಯಸ್ಸು. ಎತ್ತರದ ಹೆಂಗಸು, ಕೈಗಳು ಮಾತ್ರ ಮೈಗಿಂತ ಒಂದು ಅಳತೆ ದೊಡ್ಡವು. ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸುಗಳ ಹಾಲು ಕರೆದು ಮುಗಿಸಿ, ಕೈ ತೊಳೆದುಕೊಂಡು ಬಂದು, ಒಬ್ಬೊಬ್ಬರನ್ನೇ ಕರೆಯತೊಡಗಿದರು.

ನನ್ನ ಸರದಿ ಬಂದಾಗ ಊರು, ಕೆಲಸ ಹೇಳಿ, ಬೆನ್ನು ತಿರುಗಿಸಿ ಕೂರಲು ಹೋದೆ. ಕೂರಬೇಡಿ, ಆ ತೊಂಬೆಯ ತನಕ ನಡೆದುಹೋಗಿ ಬನ್ನಿ ಎಂದರು. ಬೀದಿಯ ಕೊನೆಯ ನೀರಿನ ತೊಂಬೆ ಮುಟ್ಟಿ ಬಂದೆ. ಕಣ್ಣು ಕಿರಿದು ಮಾಡಿಕೊಂಡು ನನ್ನ ನಡಿಗೆಯನ್ನೇ ನೋಡುತ್ತಿದ್ದರು. ಆಮೇಲೆ, ಅಷ್ಟು ಜನರ ಎದುರಿಗೆ, ಕೇಳಿದರು.

"ಒಂದಕ್ಕೆ ಸಲೀಸಾಗಿ ಓಯ್ತದಾ ಮೇಷ್ಟ್ರೆ? ಕೂರೋ ಜಾಗ ಜೋಮು ಇಡ್ದದಾ? ಪಾದ ಮೇಲಕ್ಕೆ ಎತ್ತಕಾಯ್ತದಾ?"

ಹಾಲಿನ ಕ್ಯಾನಿನ ಹೆಂಗಸರ ಮುಂದೆ ಮೂತ್ರದ ವಿಚಾರ ಕೇಳಿದ್ದಕ್ಕೆ ನನಗೆ ಕಿವಿ ಕೆಂಪಾಯಿತು. ಎಲ್ಲ ಸರಿಯಾಗಿದೆ ಎಂದು ಗೊಣಗಿದೆ. ಆ ಮೂರು ಪ್ರಶ್ನೆಗಳ ಬೆಲೆ ಏನೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ನಂತರ ಪ್ಯಾಂಟಿನ ಹಿಂದಿನ ಜೇಬಿನಲ್ಲಿರುವ ಪರ್ಸು ತೆಗೆಯಿರಿ ಎಂದರು. ತೆಗೆದೆ. ಹಳೆಯ ಗುರುತಿನ ಚೀಟಿಗಳು, ದೇವರ ಪಟ, ಯಾವುದೋ ಮದುವೆ ಛತ್ರದ ವಿಳಾಸ, ಎಲ್ಲ ಸೇರಿ ಒಂದು ಇಟ್ಟಿಗೆಯಷ್ಟು ದಪ್ಪವಾಗಿತ್ತು. ಇದರ ಮೇಲೆ ಒಂದೇ ಕಡೆ ಎತ್ತರವಾಗಿ ಕೂತು ದಿನಾ ಶ್ರೀರಂಗಪಟ್ಟಣದಿಂದ ಶಾಲೆಗೆ ಸ್ಕೂಟರು ಓಡಿಸಿದರೆ ಸೊಂಟ ಇನ್ನೇನಾಗಬೇಕು ಎಂದು ಕೇಳಿದರು. ಜಗಲಿಯ ಮೇಲೆ ಉಳಿದಿದ್ದವರೆಲ್ಲ ನಕ್ಕರು. ಸನ್ನೆಗೋಲಿನ ಮೇಷ್ಟ್ರು ಪರ್ಸನ್ನು ಸ್ಕೂಟರಿನ ಪೆಟ್ಟಿಗೆಗೆ ಹಾಕಿ ಬಂದೆ.

ಚಾಪೆಯ ಮೇಲೆ ಬೋರಲು ಮಲಗಿಸಿ, ಬಿಸಿ ಹರಳೆಣ್ಣೆ ಹಚ್ಚಿ, ಬೆನ್ನುಮೂಳೆಯ ಎರಡೂ ಪಕ್ಕ ಹೆಬ್ಬೆರಳು ಊರುತ್ತಾ ಇಳಿದರು. ಒಂದು ಜಾಗದಲ್ಲಿ ಬೆರಳು ತಾನಾಗಿ ನಿಂತಿತು. ನಾನಿನ್ನೂ ನೋವು ಎಂದಿರಲಿಲ್ಲ. ಉಸಿರು ಬಿಡಿ ಎಂದರು. ಬಿಟ್ಟೆ. ಒತ್ತಿದರು. ಆಮೇಲೆ ಹಂಚಿನ ಮೇಲೆ ಬಾಡಿಸಿದ ಲಕ್ಕಿ ಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟರು. ಅರ್ಧ ಗಂಟೆ ಹಿಡಿಯಿತು. ಇಷ್ಟೆಲ್ಲ ಆದ ಮೇಲೆ ನನ್ನನ್ನು ಹೊಸ್ತಿಲಿನ ಆಚೆ ಕೂರಿಸಿ, ತಾವು ಒಳಗೆ ನಿಂತು, ಎಡಗಾಲನ್ನು ಮೂರು ಸಲ ಬೆನ್ನಿಗೆ ತಾಕಿಸಿದರು. ಒದೆತವೆಂದರೆ ಅಷ್ಟೇ. ನೆಲದ ಮೇಲೆ ಬೆಕ್ಕು ಪಾದ ಇಟ್ಟಷ್ಟು ಹಗುರ. ಕಚೇರಿಯಲ್ಲಿ ಕೆಲಸವೆಲ್ಲ ಮುಗಿದ ಮೇಲೆ ಅರ್ಜಿಗೆ ಹಾಕುವ ಸೀಲಿನ ಹಾಗಿತ್ತು ಅದು.

ಸೀಲು ಹಾಕಿದವರು ಹೊರಗೆ ಬಂದು ಸೀದಾ ನನ್ನ ಕಾಲಿಗೆ ಬಿದ್ದರು. ನನಗಿಂತ ಹತ್ತು ವರ್ಷಕ್ಕೂ ಮಿಕ್ಕಿ ದೊಡ್ಡವರು! ನಾನು ಗಾಬರಿಯಾಗಿ ಹಿಂದಕ್ಕೆ ಹಾರಿದೆ. ಹಾರಿದ ಮೇಲೆ ಗೊತ್ತಾಯಿತು, ನನ್ನ ಸೊಂಟ ಹಾರುವಷ್ಟು ಸರಿಹೋಗಿದೆ ಎಂದು.

ಅಂದಿನಿಂದ ನಾನು ಅವರ ಮನೆಗೆ ಭಾನುವಾರದ ಗಿರಾಕಿ. ನೋವಿಲ್ಲದಿದ್ದರೂ ಹೋಗಿ ಜಗಲಿಯ ಮೇಲೆ ಕೂರುತ್ತಿದ್ದೆ. ಒಂದು ಕಡೆ ಬೆರಗು, ಇನ್ನೊಂದು ಕಡೆ ಇದರ ಗುಟ್ಟು ಹಿಡಿಯಬೇಕೆಂಬ ಮೇಷ್ಟ್ರ ಚಟ. ಅವರ ಕತೆಯನ್ನು ಅವರು ಒಮ್ಮೆಗೇ ಹೇಳಲಿಲ್ಲ. ಮೇವು ಕತ್ತರಿಸುತ್ತಾ, ಸೊಪ್ಪು ಬಿಡಿಸುತ್ತಾ, ಎರಡು ವರ್ಷದಲ್ಲಿ ತುಣುಕು ತುಣುಕಾಗಿ ಹೇಳಿದರು. ಕೆಲವನ್ನು ಯಾರಿಗೂ ಹೇಳಬೇಡಿ ಎಂದು ಕೈ ಮೇಲೆ ಕೈ ಇಡಿಸಿಕೊಂಡು ಹೇಳಿದರು. ಈಗ ಅವೆಲ್ಲ ಬಯಲಾಗಿವೆ, ಬಯಲು ಮಾಡಿದವರೂ ಅವರೇ. ಆದ್ದರಿಂದ ಬರೆಯುತ್ತಿದ್ದೇನೆ.

ಹುಟ್ಟಿದ್ದು ಅದೇ ಊರಿನ ಒಕ್ಕಲು ಮನೆಯಲ್ಲಿ. ಮಗು ಕಾಲು ಮುಂದಾಗಿ ಹುಟ್ಟಿದೆ ಎಂಬ ಸುದ್ದಿ ಊರಿಗೆಲ್ಲ ಹಬ್ಬಿತ್ತು. ಹುಡುಗಿಗೆ ಐದು ತುಂಬಿದಾಗ ಅಜ್ಜನ ಜೊತೆಯವರೊಬ್ಬರು ಬಂದು ಬೆನ್ನು ಕೊಟ್ಟು ಕೂತರು. ಅಜ್ಜಿ ಹುಡುಗಿಯ ಎಡಗಾಲು ಹಿಡಿದು ತಾಕಿಸಿದರು. ಆ ಮುದುಕರಿಗೆ ವಾಸಿಯಾಯಿತೋ ಅಥವಾ ಸಂಕೋಚಕ್ಕೆ ವಾಸಿಯಾಯಿತೆಂದರೋ, ಮಾರನೆಯ ವಾರದಿಂದ ಜನ ಬರತೊಡಗಿದರು. ಹುಡುಗಿಗೆ ಇದು ಹಿಡಿಸಲೇ ಇಲ್ಲ. ಬೇರೆಯವರ ಮನೆಯಲ್ಲಿ ದೊಡ್ಡವರಿಗೆ ಅಪ್ಪಿತಪ್ಪಿ ಕಾಲು ತಗುಲಿದರೆ ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ತನಗೆ ಮಾತ್ರ ಬೇಕೆಂದೇ ದೊಡ್ಡವರ ಮೈಮೇಲೆ ಕಾಲಿಡಿಸುತ್ತಾರೆ! ಏಳನೇ ವಯಸ್ಸಿನಲ್ಲಿ ಒಂದು ದಿನ ಅವಳು ಕಾಲು ತಾಕಿಸಿದವಳೇ ಹೊಸ್ತಿಲು ದಾಟಿ ಬಂದು ಆ ಮನುಷ್ಯನ ಪಾದಕ್ಕೆ ಬಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಶಾಸ್ತ್ರದಲ್ಲಿ ಅದು ಇರಲೂ ಇಲ್ಲ. ಏಳು ವರ್ಷದ ಮಗು ತನ್ನ ಮನಸ್ಸಿನ ಸಮಾಧಾನಕ್ಕೆ ಕಂಡುಕೊಂಡ ದಾರಿ ಅದು. ಅಂದಿನಿಂದ ಅವರು ಕಾಲಿಟ್ಟವರಲ್ಲಿ ಒಬ್ಬರ ಪಾದಕ್ಕೂ ಬೀಳದೆ ಬಿಟ್ಟಿರಲಿಲ್ಲ.

ಮದುವೆಯೂ ಅದೇ ಊರಿನಲ್ಲೇ ಆಯಿತು. ಸೊಸೆಯ ಜೊತೆ ಭಾನುವಾರದ ಜನವೂ ಗಂಡನ ಮನೆಯ ಜಗಲಿಗೆ ಬಂತು. ಎರಡು ಮಕ್ಕಳಾದವು. ಮೂವತ್ತೆರಡನೇ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಊರಿನ ಸೂಲಗಿತ್ತಿ ಕುಳ್ಳಮ್ಮ ಹೇಳಿಕಳಿಸಿದಳು. ಮುದುಕಿ ಹಾಸಿಗೆ ಹಿಡಿದಿದ್ದಳು. ಗಂಜಿ ಕುಡಿಸಲು ಹೋದ ಪುಟ್ಟತಾಯಮ್ಮನ ಕೈ ಹಿಡಿದುಕೊಂಡು, ಮೂರು ದಶಕದ ಹಿಂದಿನ ಮಾತು ಹೇಳಿದಳು.

"ನಿಂಜೊತೇಲಿ ಒಂದು ಗಂಡುಕೂಸು ಬಂತು ಕಣವ್ವ. ಕಾಲು ಮುಂದಾಗಿ ಬಂದದ್ದು ಅದು. ಮೂರೇ ದಿನ ಇದ್ದದ್ದು. ನೀನು ಎಲ್ಲಾರಂಗೆ ತಲೆ ಮುಂದಾಗೇ ಬಂದೋಳು."

ಅವಳಿಯಲ್ಲಿ ಒಂದು ಹೋದರೆ ಉಳಿದ ಮಗುವಿನ ಮುಂದೆ ಹೋದದ್ದರ ಮಾತೆತ್ತಬಾರದು, ಎತ್ತಿದರೆ ಅದು ಇದನ್ನೂ ಕರೆದುಕೊಳ್ಳುತ್ತದೆ ಎಂದು ಅಜ್ಜಿ ಮನೆಯವರಿಗೆಲ್ಲ ತಾಕೀತು ಮಾಡಿದ್ದರಂತೆ. ಹೆಣ ಮಣ್ಣು ಮಾಡಿದವರು ಬಾಯಿ ಬಿಡಲಿಲ್ಲ. ಊರಿಗೆ ಗೊತ್ತಿದ್ದದ್ದು ಒಂದೇ, ಆ ಮನೆಯಲ್ಲಿ ಕಾಲು ಮುಂದಾಗಿ ಒಂದು ಕೂಸು ಹುಟ್ಟಿತು ಎಂದು. ಕಣ್ಣೆದುರು ಇದ್ದದ್ದು ಒಂದೇ ಕೂಸು. ಜನ ಎರಡನ್ನೂ ಸೇರಿಸಿಕೊಂಡರು. ಎಲ್ಲ ಗೊತ್ತಿದ್ದ ತಾಯಿ ಯಾಕೆ ಸುಮ್ಮನಿದ್ದಳು ಎಂದು ನಾನು ಕೇಳಿದೆ. ಸತ್ತ ಮಗುವಿನದು ಏನಾದರೂ ಒಂದು ಈ ಮನೆಯಲ್ಲಿ ಉಳಿಯಲಿ ಎಂದಿರಬಹುದು ಎಂದರು ಪುಟ್ಟತಾಯಮ್ಮ. ತಾಯಿಯನ್ನು ಕೇಳೋಣವೆಂದರೆ ಅಷ್ಟು ಹೊತ್ತಿಗೆ ಆಕೆಯೂ ಇರಲಿಲ್ಲ.

ಆ ವಾರವಿಡೀ ಅವರಿಗೆ ಅನ್ನ ಸೇರಲಿಲ್ಲ. ಇಪ್ಪತ್ತೇಳು ವರ್ಷ ಜನರ ಬೆನ್ನ ಮೇಲೆ ಇಟ್ಟ ಕಾಲು ಸುಳ್ಳುಕಾಲು. ಜ್ವರವೆಂದು ನೆಪ ಹೇಳಿ ಎರಡು ಭಾನುವಾರ ಬಾಗಿಲು ಹಾಕಿಕೊಂಡರು. ಮೂರನೆಯ ಭಾನುವಾರ ಒಬ್ಬ ಬಸುರಿ ಹೆಂಗಸು ಗೋಡೆ ಹಿಡಿದುಕೊಂಡು ಬಂದು ಬಾಗಿಲು ತಟ್ಟಿದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಕಾಲು ತಾಕಿಸಿದರು. ಹೆಂಗಸು ಹಗುರಾಯಿತೆಂದು ನೆಟ್ಟಗೆ ನಡೆದುಹೋದಳು. ಆಗ ಪುಟ್ಟತಾಯಮ್ಮನಿಗೆ ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು. ಜನ ಇಷ್ಟೊಂದು ನಂಬಿ ಬರುತ್ತಾರೆ, ತನ್ನ ಹತ್ತಿರ ಏನೂ ಇಲ್ಲ.

ನಾನಾಗಿದ್ದರೆ ಒಂದೋ ಜಗಲಿ ಗುಡಿಸಿ ಕೈತೊಳೆದುಕೊಳ್ಳುತ್ತಿದ್ದೆ, ಇಲ್ಲವೇ ಬಾಯಿ ಮುಚ್ಚಿಕೊಂಡು ಹಾಗೇ ನಡೆಸುತ್ತಿದ್ದೆ. ಅವರು ಮೂರನೆಯದನ್ನು ಮಾಡಿದರು. ಇಲ್ಲದ್ದನ್ನು ಕಲಿಯಲು ಹೊರಟರು. ಇದಕ್ಕಾಗಿ ನಾನು ಅವರಿಗೆ ಎಷ್ಟು ತಲೆಬಾಗಿದರೂ ಸಾಲದು.

ಸಂತೆಬಾಚಹಳ್ಳಿಯಲ್ಲಿ ಮರಿಯಯ್ಯ ಎಂಬ ಮುದುಕನಿದ್ದ. ದನಗಳ ಉಳುಕು ತೆಗೆಯುವವನು. ಕಾಲು ಜಾರಿದ ಎತ್ತು, ಸೊಂಟ ಕುಸಿದ ಎಮ್ಮೆ, ಅವನ ಕೈಗೆ ಬಂದರೆ ಎದ್ದು ನಿಲ್ಲುತ್ತಿದ್ದವು. ಪುಟ್ಟತಾಯಮ್ಮ ವಾರಕ್ಕೊಮ್ಮೆ ಸಂತೆಯ ದಿನ ಕೆ.ಆರ್.ಪೇಟೆಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹತ್ತುತ್ತಿದ್ದರು. ಮನೆಯಲ್ಲಿ ಸೊಪ್ಪು ಮಾರಲು ಎಂದು ಹೇಳಿ, ನೆಪಕ್ಕೆ ಎರಡು ಕಟ್ಟು ಸೊಪ್ಪನ್ನೂ ಒಯ್ಯುತ್ತಿದ್ದರು. ಮರಿಯಯ್ಯ ಮೊದಲ ತಿಂಗಳು ಏನೂ ಹೇಳಿಕೊಡಲಿಲ್ಲ. ಕಣ್ಣು ಮುಚ್ಚಿಸಿ, ಎತ್ತಿನ ಬೆನ್ನ ಮೇಲೆ ಎರಡೂ ಕೈ ಇಡಿಸಿ, ಸುಮ್ಮನೆ ನಿಲ್ಲಿಸಿದ.

"ದನ ಬಾಯಿಬುಟ್ಟು ಇಲ್ಲಿ ನೋಯ್ತದೆ ಅಂತ ಯೋಳಕಿಲ್ಲ. ನಿನ್ ಕೈಯೇ ಕೇಳ್ಬೇಕು," ಎಂದನಂತೆ. "ಮನುಸಂಗೆ ಬಾಯದೆ. ಅದ್ಕೇ ಅವನ ನೋವು ಉಡುಕೋದು ಇನ್ನೂ ಕಷ್ಟ."

ಎರಡು ವರ್ಷ ಹೀಗೆ ಕಲಿತರು. ಕುಳ್ಳಮ್ಮನ ಮನೆಯವರಿಂದ ಬಾಣಂತಿಯರಿಗೆ ಎಣ್ಣೆ ಹಚ್ಚುವ ಕ್ರಮ ಕೇಳಿಕೊಂಡರು. ಯಾವ ಸೊಪ್ಪು ಊತಕ್ಕೆ, ಯಾವುದು ಬರೀ ಸಮಾಧಾನಕ್ಕೆ ಎಂದು ತಮ್ಮ ಮೈಮೇಲೇ ಹಾಕಿಕೊಂಡು ನೋಡಿದರು. ಭಾನುವಾರ ಬಂದವರನ್ನು ಮೊದಲು ನಡೆಸುವುದು, ಬೆನ್ನಿಗೆ ಕೈಯಿಡುವುದು, ಕೂರುವ ಏಳುವ ಮಲಗುವ ಬಗೆ ತಿದ್ದುವುದು ಶುರುವಾಯಿತು. ಹಾಲಿನ ಕ್ಯಾನನ್ನು ಸೊಂಟ ಬಗ್ಗಿಸದೆ ಮಂಡಿ ಮಡಚಿ ಎತ್ತಬೇಕೆಂದು ಊರಿನ ಹೆಂಗಸರಿಗೆಲ್ಲ ಅಂಗಳದಲ್ಲಿ ನಿಂತು ಕಲಿಸಿದರು. ಆದರೆ ಕೊನೆಗೆ ಕಾಲು ತಾಕಿಸದಿದ್ದರೆ ಒಬ್ಬರೂ ಎದ್ದುಹೋಗುತ್ತಿರಲಿಲ್ಲ. ಎಲ್ಲ ಗುಣವೂ ಕಾಲಿನದೇ ಎಂದು ಜನ ತಿಳಿದರು. ಅದನ್ನು ತಿದ್ದುವ ಧೈರ್ಯ ಮಾತ್ರ ಅವರಿಗೆ ಬರಲಿಲ್ಲ.

ಆ ಅಧೈರ್ಯಕ್ಕೆ ಬೆಲೆ ತೆತ್ತವನು ದೇವಯ್ಯ. ಕೋರೆಯಲ್ಲಿ ಕಲ್ಲು ಒಡೆಯುತ್ತಿದ್ದ ಗಟ್ಟಿ ಆಳು. ಒಂಬತ್ತು ವರ್ಷದ ಹಿಂದೆ ಸೊಂಟ ಹಿಡಿದುಕೊಂಡು ಬಂದ. ಪುಟ್ಟತಾಯಮ್ಮ ಎಂಟು ದಿನ ಎಣ್ಣೆ ಹಚ್ಚಿ, ಶಾಖ ಕೊಟ್ಟು, ಮನೆಯಲ್ಲೇ ಮಲಗಿರು ಎಂದರು. ಮೂರನೇ ದಿನ ಅವನು ಪಾದದಲ್ಲಿ ಜೋಮು ಎಂದಿದ್ದ. ಹೋಗುತ್ತದೆ ಎಂದು ಇವರು ಸಮಾಧಾನ ಹೇಳಿದ್ದರು. ಒಂಬತ್ತನೆಯ ದಿನ ಒಂದಕ್ಕೆ ಹೋಗಲಾಗದೆ ಹೊಟ್ಟೆ ಉಬ್ಬಿದಾಗ ಮೈಸೂರಿನ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಜೊತೆಯಲ್ಲಿ ಪುಟ್ಟತಾಯಮ್ಮನೂ ಹೋದರು. ಬೆನ್ನಿನ ಆಪರೇಷನ್ ಆಯಿತು. ಜೀವ ಉಳಿಯಿತು, ಎಡಗಾಲಿನ ಪಾದ ಮತ್ತೆ ಮೇಲೇಳಲಿಲ್ಲ.

ಅಲ್ಲಿನ ಡಾಕ್ಟರಮ್ಮ ಪುಟ್ಟತಾಯಮ್ಮನನ್ನು ಪಕ್ಕಕ್ಕೆ ಕರೆದು ಚೆನ್ನಾಗಿ ಬೈದರು. ಬೈದು ಮುಗಿಸಿ, ಕಣ್ಣೀರು ಹಾಕುತ್ತಿದ್ದ ಹೆಂಗಸನ್ನು ಕೂರಿಸಿಕೊಂಡು, ಬೆನ್ನುನೋವು ಎಂದು ಯಾರೇ ಬಂದರೂ ಮೊದಲು ಈ ಮೂರು ಮಾತು ಕೇಳು, ಮೂರರಲ್ಲಿ ಯಾವುದೊಂದರಲ್ಲಿ ತೊಂದರೆ ಇದ್ದರೂ ಕೈ ಮುಟ್ಟಿಸಬೇಡ, ಅವತ್ತೇ ಕಳಿಸು ಎಂದರು. ಮಗ್ಗಿಯ ಹಾಗೆ ಮೂರು ಸಲ ಬಾಯಲ್ಲಿ ಹೇಳಿಸಿದರು. ಆ ಮೂರು ಮಾತನ್ನೇ ನನಗೂ ಕೇಳಿದ್ದು. ಆ ದಿನದಿಂದ ಬಂದವರಲ್ಲಿ ಕಾಲುಭಾಗ ಜನರನ್ನು ಇದು ನಂದಲ್ಲ ಎಂದು ವಾಪಸು ಕಳಿಸುತ್ತಾರೆ. ಜ್ವರದ ಜೊತೆ ಬಂದ ಬೆನ್ನುನೋವು, ಬಿದ್ದು ಬಂದದ್ದು, ಮೈ ಇಳಿದುಹೋಗುತ್ತಿರುವವರದು, ಯಾವುದನ್ನೂ ಮುಟ್ಟುವುದಿಲ್ಲ.

ಆದರೆ ಊರಿಗೆ ಒಂದು ಮಾತು ಹೇಳದೆ ಉಳಿಸಿಕೊಂಡರು. ಎಂಟು ದಿನ ತಡವಾದದ್ದು ತಮ್ಮಿಂದ ಎಂದು ಹೇಳಲಿಲ್ಲ. ದೇವಯ್ಯ ಕಾಲೆಳೆಯುತ್ತಾ ಊರಿಗೆ ಮರಳಿದಾಗ ಜನ ತಮಗೆ ತೋಚಿದ ಲೆಕ್ಕ ಹಾಕಿದರು. ಪುಟ್ಟತಾಯಮ್ಮನ ಹತ್ತಿರ ಇದ್ದಷ್ಟು ದಿನ ನಡೆಯುತ್ತಿದ್ದ, ಬೆನ್ನಿಗೆ ಕತ್ತಿ ಹಾಕಿಸಿಕೊಂಡ, ಕಾಲು ಹೋಯಿತು. ಸುತ್ತಲ ಹತ್ತು ಹಳ್ಳಿಗಳಲ್ಲಿ ಬೆನ್ನಿನ ಆಪರೇಷನ್ ಎಂದರೆ ದೇವಯ್ಯನ ಕಾಲು ತೋರಿಸುವಂತಾಯಿತು. ದೇವಯ್ಯ ಅವರ ಮನೆಯೆದುರಿನ ಕಟ್ಟೆಯ ಮೇಲೆ ದಿನಾ ಕೂರುತ್ತಿದ್ದ. ಒಂಬತ್ತು ವರ್ಷ ಪುಟ್ಟತಾಯಮ್ಮ ಅವನನ್ನು ನೋಡಿಕೊಂಡೇ ಬಾಗಿಲು ತೆಗೆದರು, ಬಾಗಿಲು ಹಾಕಿದರು.

ಹೋದ ಕಾರ್ತಿಕ ಮಾಸದ ಒಂದು ಭಾನುವಾರ. ನಾನು ಜಗಲಿಯ ಮೇಲಿದ್ದೆ. ಒಂದು ಗೂಡ್ಸ್ ಆಟೋ ಬಂದು ನಿಂತಿತು. ಹಿಂದುಗಡೆ ಹಾಸಿಗೆಯ ಮೇಲೆ ತಿಮ್ಮರಾಜು ಮಲಗಿದ್ದ. ಪಕ್ಕದ ಹಳ್ಳಿಯವನು, ಕೋರೆಯಿಂದ ಕಲ್ಲು ಸಾಗಿಸುವ ಟ್ರಾಕ್ಟರಿನ ಡ್ರೈವರು, ಮೂವತ್ತನಾಲ್ಕು ವಯಸ್ಸು. ಎರಡು ದಿನದ ಹಿಂದೆ ಚಪ್ಪಡಿ ಎತ್ತಲು ಹೋಗಿ ಸೊಂಟದಲ್ಲಿ ಏನೋ ಕಳಕ್ ಎಂದಿತ್ತು. ಹೆಂಡತಿ ರಮ್ಯ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

ಪುಟ್ಟತಾಯಮ್ಮ ಆಟೋ ಹತ್ತಿ ಮೂರು ಮಾತು ಕೇಳಿದರು. ನಿನ್ನೆ ಬೆಳಗಿನಿಂದ ಒಂದಕ್ಕೆ ಹೋಗಿಲ್ಲ ಎಂದು ರಮ್ಯ ಹೇಳಿದಳು. ಕೂರುವ ಜಾಗ ಮರಗಟ್ಟಿದೆ ಎಂದು ತಿಮ್ಮರಾಜು ತಾನೇ ಹೇಳಿದ. ಬಲಪಾದ ಎತ್ತಲು ಹೋದ, ಅದು ಅರ್ಧಕ್ಕೆ ಬಿತ್ತು. ಪುಟ್ಟತಾಯಮ್ಮನ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ. ಈಗಲೇ, ಈ ಗಳಿಗೆಯೇ ಮೈಸೂರಿಗೆ ಹೋಗಿ ಎಂದರು. ಗಾಡಿಯಿಂದ ಇಳಿಸಲೂಬೇಡಿ ಎಂದರು.

ತಿಮ್ಮರಾಜು ಆಗದೆಂದು ತಲೆಯಾಡಿಸಿದ. "ಅಲ್ಲಿಗೋದ್ರೆ ಬೆನ್ನು ಕೂಯ್ತಾರೆ. ದೇವಯ್ಯಂಗೆ ಏನಾಯ್ತು ಕಂಡಿಲ್ವಾ? ನೀನು ಕಾಲು ಮಡಗವ್ವ ಸಾಕು. ಎದ್ದೋಯ್ತೀನಿ."

ಜಗಲಿಯ ಮೇಲಿದ್ದವರೆಲ್ಲ ಹೌದು ಹೌದು ಎಂದರು. ಅವನ ಕಡೆಯ ಇಬ್ಬರು ಅವನನ್ನು ಹಾಸಿಗೆ ಸಮೇತ ಇಳಿಸಿ ಹೊಸ್ತಿಲಿಗೆ ಬೆನ್ನು ಮಾಡಿ ಒರಗಿಸಿಯೂಬಿಟ್ಟರು. ನಾನು ಮೇಷ್ಟ್ರ ಧ್ವನಿಯಲ್ಲಿ ಏನೋ ನರ, ಮೂಳೆ ಎಂದು ಹೇಳಲು ಹೋದೆ. ನನ್ನ ಮಾತನ್ನು ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರು ನಂಬಿದ್ದದ್ದು ಒಂದು ಕಾಲನ್ನು. ಆ ಕಾಲು ತಾಕಿದರೆ ಅವನು ಸಮಾಧಾನದಿಂದ ಮನೆಗೆ ಹೋಗಿ ಮಲಗುತ್ತಾನೆ, ಸಂಜೆಯ ಹೊತ್ತಿಗೆ ಇನ್ನೊಬ್ಬ ದೇವಯ್ಯನಾಗುತ್ತಾನೆ. ಅದು ನನಗೆ ಗೊತ್ತಿತ್ತು, ಪುಟ್ಟತಾಯಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅವರು ಹೊಸ್ತಿಲಿನ ಒಳಗೆ ಹೋಗಲಿಲ್ಲ. ಹೊರಗೆ, ತಿಮ್ಮರಾಜುವಿನ ಎದುರಿಗೆ ಬಂದು ನೆಲದ ಮೇಲೆ ಕೂತರು.

"ಈ ಕಾಲ್ನಲ್ಲಿ ಏನೂ ಇಲ್ಲ ಕಣಪ್ಪ. ಕಾಲು ಮುಂದಾಗಿ ಉಟ್ಟಿದ್ದು ನಾನಲ್ಲ. ನಂಜೊತೆ ಉಟ್ಟಿದ ಗಂಡುಕೂಸು, ಅದು ಮೂರು ದಿನಕ್ಕೇ ಓಯ್ತು. ಇಷ್ಟು ವರ್ಸ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ."

ಪುಟ್ಟತಾಯಮ್ಮ ಎದುರಿನ ಕಟ್ಟೆಯ ಕಡೆ ನೋಡದೆ, ತಲೆ ತಗ್ಗಿಸಿಕೊಂಡು ಮುಂದುವರಿಸಿದರು.

"ದೇವಯ್ಯನ ಕಾಲು ಓಗಿದ್ದು ಆಪ್ರೇಸನ್ನಿಂದಲ್ಲ. ನನ್ನಿಂದ. ಎಂಟು ದಿನ ಎಣ್ಣೆ ಅಚ್ಕೊಂಡು ಮನೇಲೇ ಮಲಗಿಸ್ದೆ. ನಿಂಗೂ ಅಂಗೇ ಮಾಡಲಾ?"

ತಿಮ್ಮರಾಜು ಅವರ ಮುಖ ನೋಡಿದ. ನಂಬಬೇಕೋ ಬಿಡಬೇಕೋ ತಿಳಿಯದೆ ಸುತ್ತಲಿನವರ ಮುಖ ನೋಡಿದ. ಆಗ ಕಟ್ಟೆಯ ಮೇಲಿಂದ ದೇವಯ್ಯ ಕೋಲೂರಿಕೊಂಡು ಎದ್ದು ಬಂದ. ಬೀದಿ ದಾಟಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ನಿಜ ಕಣ್ಲಾ ತಿಮ್ಮ. ವಸಿ ಮುಂಚೆ ಬಂದಿದ್ರೆ ಕಾಲು ಉಳೀತಿತ್ತು ಅಂತ ಡಾಕ್ಟ್ರು ಅವತ್ತೇ ನಂಗೂ ಯೋಳಿದ್ರು. ಎದ್ದೋಗ್ಲಾ, ಒತ್ತು ಮಾಡ್ಬ್ಯಾಡ."

ಪುಟ್ಟತಾಯಮ್ಮ ತಲೆಯೆತ್ತಿ ಅವನನ್ನು ನೋಡಿದರು. ಅವನಿಗೆ ಗೊತ್ತಿತ್ತು. ಒಂಬತ್ತು ವರ್ಷದಿಂದ ಗೊತ್ತಿತ್ತು. ಊರೆಲ್ಲ ತನ್ನ ಕಾಲನ್ನು ತೋರಿಸಿ ಆಸ್ಪತ್ರೆಯನ್ನು ಬೈಯುತ್ತಿದ್ದಾಗ, ಅವನು ಒಂದೇ ಒಂದು ಮಾತು ಆಡಿದ್ದರೆ ಈ ಜಗಲಿ ಖಾಲಿಯಾಗುತ್ತಿತ್ತು. ಆಡಿರಲಿಲ್ಲ.

ತಿಮ್ಮರಾಜು ಹೂಂ ಎಂದ. ಪಕ್ಕದ ಮನೆಯವರು ಕಾರು ಹೊರಗೆ ತಂದರು. ಆಸ್ಪತ್ರೆಯಲ್ಲಿ ಮಾತಾಡಲು ಒಬ್ಬ ಮೇಷ್ಟ್ರು ಬೇಕಿತ್ತು, ನಾನೂ ಹತ್ತಿದೆ. ಸ್ಕ್ಯಾನ್ ಮಾಡಿ, ಮಧ್ಯಾಹ್ನವೇ ಆಪರೇಷನ್ ಮಾಡಿದರು. ಯಾರು ಕಳಿಸಿದ್ದು ಎಂದು ಡಾಕ್ಟರು ಕೇಳಿದರು. ನಮ್ಮ ಕಡೆ ಬೆನ್ನು ನೋಡುವವರೊಬ್ಬರಿದ್ದಾರೆ ಎಂದೆ. ಸರಿಯಾದ ಹೊತ್ತಿಗೆ ಕಳಿಸಿದ್ದಾರೆ ಎಂದರು. ಐದನೆಯ ದಿನ ತಿಮ್ಮರಾಜು ರಮ್ಯಳ ಹೆಗಲು ಹಿಡಿದು ವಾರ್ಡಿನ ಈ ಬಾಗಿಲಿನಿಂದ ಆ ಬಾಗಿಲಿನ ತನಕ ನಡೆದ. ಪಾದ ಎರಡೂ ಏಳುತ್ತಿದ್ದವು. ನಾನು ವಾರ್ಡಿನ ಕಿಟಕಿಯ ಹತ್ತಿರ ನಿಂತು, ಯಾರಿಗೂ ಕಾಣದಂತೆ ಅತ್ತೆ.

ಮುಂದಿನ ಭಾನುವಾರ ನಾನು ಅಳುಕುತ್ತಲೇ ಚಿನಕುರಳಿಗೆ ಹೋದೆ. ಬಾಗಿಲಿನಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ ಎಂದುಕೊಂಡಿದ್ದೆ. ಹೋಗಿ ನೋಡಿದರೆ ಇಪ್ಪತ್ತಕ್ಕೂ ಹೆಚ್ಚು ಜನ! ಕೇಳಿದಾಗ ವಿಷಯ ತಿಳಿಯಿತು. ಪುಟ್ಟತಾಯಮ್ಮ ತಲೆ ಮುಂದಾಗಿ ಹುಟ್ಟಿದವರು ಎಂಬುದನ್ನು ಒಬ್ಬರೂ ನಂಬಿರಲಿಲ್ಲ. ಹಟಮಾರಿಯನ್ನು ಆಸ್ಪತ್ರೆಗೆ ಕಳಿಸಲು ತನ್ನ ಹುಟ್ಟನ್ನೇ ಸುಳ್ಳು ಮಾಡಿ ಹೇಳಿದಳು, ಎಂಥಾ ದೊಡ್ಡ ಮನಸ್ಸು ಎಂದು ಹಳ್ಳಿಯಿಂದ ಹಳ್ಳಿಗೆ ಮಾತು ಹಬ್ಬಿತ್ತು. ಜೀವಮಾನದಲ್ಲಿ ಒಮ್ಮೆ ಧೈರ್ಯ ಮಾಡಿ ಹೇಳಿದ ನಿಜವನ್ನು ಜನ ಪುಣ್ಯದ ಸುಳ್ಳಿನ ಲೆಕ್ಕಕ್ಕೆ ಹಾಕಿಬಿಟ್ಟಿದ್ದರು. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಪುಟ್ಟತಾಯಮ್ಮ ವಾದಕ್ಕೆ ಹೋಗಲಿಲ್ಲ. ಚಾಪೆಯನ್ನು ಹೊಸ್ತಿಲಿನ ಆಚೆ, ಜಗಲಿಯ ಮೇಲೇ ಹಾಸಿದರು. ಎರಡೂ ಕಾಲನ್ನು ಮಡಚಿ ಸೀರೆಯ ಒಳಗೆ ಸೇರಿಸಿಕೊಂಡು ಕೂತರು. ಕೈ ಬೇಕಾದವರು ಕೂರಿ, ಕಾಲು ಇನ್ನುಮುಂದೆ ಇಲ್ಲ ಎಂದರು. ಇಬ್ಬರು ಮುದುಕರು ಗೊಣಗಿಕೊಂಡು ಎದ್ದುಹೋದರು. ಉಳಿದವರು ಕೂತರು. ಐವತ್ತೈದು ವರ್ಷದಲ್ಲಿ ಮೊದಲ ಸಲ ಅವರು ಯಾರ ಬೆನ್ನಿಗೂ ಕಾಲಿಡಲಿಲ್ಲ. ಕಾಲಿಡದ ಮೇಲೆ ಯಾರ ಪಾದಕ್ಕೂ ಬೀಳಬೇಕಾಗಿರಲಿಲ್ಲ. ಒಬ್ಬೊಬ್ಬರನ್ನೇ ನೋಡಿ, ಎದ್ದು, ಮುಂದಿನವರನ್ನು ಕರೆದರು. ಅವರ ಮುಖದಲ್ಲಿ ಅಂಥ ಹಗುರವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಎಲ್ಲರೂ ಹೋದ ಮೇಲೆ, ಬಿಸಿಲು ಜಗಲಿಗೆ ಏರಿದ ಹೊತ್ತಿನಲ್ಲಿ, ದೇವಯ್ಯ ಬೀದಿ ದಾಟಿ ಬಂದ. ಒಂಬತ್ತು ವರ್ಷದಲ್ಲಿ ಅವನು ಆ ಚಾಪೆಗೆ ಬಂದದ್ದು ಅದೇ ಮೊದಲು. ಒಳ್ಳೆಯ ಕಾಲಿನ ಮೇಲೇ ಎಲ್ಲ ಭಾರ ಬಿದ್ದು ಆ ಕಡೆಯ ಸೊಂಟ ನೋಯುತ್ತದೆ ಎಂದ. ಪುಟ್ಟತಾಯಮ್ಮ ಮಲಗಿಸಿ, ಎಣ್ಣೆ ಹಚ್ಚಿ, ಬೇರೆ ಯಾರಿಗೂ ಕೊಡದಷ್ಟು ಹೊತ್ತು ಕೊಟ್ಟು ನೋಡಿದರು. ಸೊಪ್ಪಿನ ಶಾಖ ಆಯಿತು. ಕೋಲಿನ ತುದಿ ಸವೆದು ಗಿಡ್ಡವಾಗಿದೆ, ಇದಕ್ಕಿಂತ ಎರಡು ಬೆರಳು ಉದ್ದವಾದ ಬೇರೆ ಕೋಲು ಮಾಡಿಸಿಕೋ ಎಂದರು.

ದೇವಯ್ಯ ಕೋಲೂರಿಕೊಂಡು ಎದ್ದು ನಿಂತ. ಅವನು ಅವರಿಗಿಂತ ಹತ್ತು ವರ್ಷ ಚಿಕ್ಕವನು. ಪುಟ್ಟತಾಯಮ್ಮ ಬಗ್ಗಿ ಅವನ ಪಾದಕ್ಕೆ ಬಿದ್ದರು.

"ಬ್ಯಾಡ ಕಣಕ್ಕ," ಎಂದು ದೇವಯ್ಯ ಗಾಬರಿಯಿಂದ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಒಳ್ಳೆಯ ಕಾಲು ಬಂತು. ಇನ್ನೊಂದು ಅಷ್ಟು ಬೇಗ ಬರಲಿಲ್ಲ. ಪುಟ್ಟತಾಯಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡದ್ದು ಆ ಕಾಲನ್ನೇ.